ಅಕ್ಕೋರು ಮತ್ತು ದಿನಕ್ಕೊಂದು ಗುಳಿಗಿ

ಅರವತ್ತು ದಾಟಿದ ಮೇಲೆ ನಮ್ಮ ಅಕ್ಕೋರ ರೆಪ್ಪೆಗೂದಲು ಬೆಳೆಯತೊಡಗಿದವು. ತಲೆಗೂದಲು ಅರ್ಧ ಬೆಳ್ಳಗಾಗಿ ತೆಳುವಾಗಿತ್ತು, ಹುಬ್ಬು ಇದ್ದೂ ಇಲ್ಲದಂತಿತ್ತು. ರೆಪ್ಪೆಗೂದಲು ಮಾತ್ರ ಕಪ್ಪಗೆ, ದಪ್ಪಗೆ, ತುದಿಯಲ್ಲಿ ಸುರುಳಿ ಸುತ್ತಿಕೊಂಡು ಕನ್ನಡಕದ ಗಾಜಿಗೆ ತಾಗುವಷ್ಟು ಉದ್ದವಾಗಿದ್ದವು. ಹದಿನೈದು ದಿನಕ್ಕೊಮ್ಮೆ ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂತು, ಸಣ್ಣ ಕತ್ತರಿಯಿಂದ ತಂಗಿಯ ಕೈಲಿ ಅವನ್ನು ಕತ್ತರಿಸಿಕೊಳ್ಳುತ್ತಿದ್ದರು. "ಹರೇದಾಗ ಬೇಕಂದ್ರ ಬರಲಿಲ್ಲ. ಈಗ ಬಂದಾವ ನೋಡು, ಯಾರಿಗೆ ತೋರಿಸ್ಲಿ?" ಎಂದು ನಗುತ್ತಿದ್ದರು.

ಅವು ಹಾಗೆ ಬೆಳೆದದ್ದು ಅವರು ದಿನಾ ಬೆಳಿಗ್ಗೆ ನುಂಗುತ್ತಿದ್ದ ಒಂದು ಗುಳಿಗೆಯಿಂದ. ಆ ಗುಳಿಗೆ ಮಾಡಿದ ದೊಡ್ಡ ಕೆಲಸ ಬೇರೆಯೇ ಇತ್ತು. ಅದನ್ನು ಕಣ್ಣಾರೆ ಕಂಡವನು ನಾನು. ವರ್ಷಗಳು ಕಳೆದರೂ ಆ ಬೆರಗು ಇನ್ನೂ ನನ್ನೊಳಗಿಂದ ಇಳಿದಿಲ್ಲ.

ನಾನು ಬೀದರಿನ ಒಂದು ಖಾಸಗಿ ತಪಾಸಣಾ ಕೇಂದ್ರದಲ್ಲಿ ಎಕ್ಸ್‌ರೇ ತೆಗೆಯುವವನು. ನನ್ನೂರು ಔರಾದ ತಾಲೂಕಿನ ಚಿಂತಾಕಿ. ಹೈಸ್ಕೂಲು ಓದಿದ್ದು ಔರಾದದಲ್ಲಿ. ಅಲ್ಲಿ ನಮಗೆ ವಿಜ್ಞಾನ ಕಲಿಸುತ್ತಿದ್ದವರು ಈ ಅಕ್ಕೋರು. ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಎನ್ನುವುದು ವಾಡಿಕೆ. ಅವರದು ಬೀದರಿನ ಹಳೆಯ ಮೆಥೊಡಿಸ್ಟ್ ಕುಟುಂಬ. ತಂದೆ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದವರು. ತಂಗಿ ನರ್ಸು. ಅಕ್ಕೋರು ಮದುವೆ ಮಾಡಿಕೊಳ್ಳಲಿಲ್ಲ; ಗಂಡನನ್ನು ಕಳೆದುಕೊಂಡ ತಂಗಿಯೊಂದಿಗೆ ತಂದೆ ಕಟ್ಟಿಸಿದ ಮನೆಯಲ್ಲೇ ಇದ್ದರು. ದಿನಾ ಬೆಳಿಗ್ಗೆ ಬೀದರಿನಿಂದ ಔರಾದಕ್ಕೆ ಬಸ್ಸು, ಸಂಜೆ ಮರಳಿ ಬಸ್ಸು. ರವಿವಾರ ಚರ್ಚಿನಲ್ಲಿ ಹಾಡುವವರ ಸಾಲಿನಲ್ಲಿ ನಿಲ್ಲುತ್ತಿದ್ದರು. ಅವರದು ದಪ್ಪ, ತಗ್ಗಿನ ದನಿ. ಆ ದನಿಯಲ್ಲಿ ಬೈದರೂ ಪ್ರಾರ್ಥನೆಯಂತೆ ಕೇಳಿಸುತ್ತಿತ್ತು.

ಎಂಟನೆಯ ತರಗತಿಯಲ್ಲಿ ಉಸಿರಾಟದ ಪಾಠ ಬಂದ ದಿನ ಅಕ್ಕೋರು ಬಸ್ಸಿಳಿದವರು ನೇರ ಸಾಲಿಗೆ ಬರಲಿಲ್ಲ. ಮಟನ್ ಅಂಗಡಿಗೆ ಹೋಗಿ, ಸ್ಟೀಲ್ ಡಬ್ಬಿಯಲ್ಲಿ ಆಡಿನ ಪುಪ್ಪುಸವನ್ನು, ಅಂದರೆ ಶ್ವಾಸಕೋಶವನ್ನು, ಗಂಟಲ ನಳಿಗೆಯ ಸಮೇತ ಹಾಕಿಸಿಕೊಂಡು ಬಂದರು. ತರಗತಿಯಲ್ಲಿ ಅರ್ಧಕ್ಕರ್ಧ ಮಕ್ಕಳು ಮನೆಯಲ್ಲಿ ಮೊಟ್ಟೆಯನ್ನೂ ಕಾಣದವರು. ಅಕ್ಕೋರು ಡಬ್ಬಿಯ ಮುಚ್ಚಳದ ಮೇಲೆ ಕೈಯಿಟ್ಟು, "ಯಾರಿಗೆ ಹೇಸಿಗಿ ಅನಸ್ತದೋ ಅವರು ಹೊರಗ ಹೋಗ್ರಿ. ನಾ ಸಿಟ್ಟಾಗಂಗಿಲ್ಲ," ಎಂದರು. ನಾಲ್ಕೈದು ಮಂದಿ ಎದ್ದು ಹೋದರು. ಹೋದವರು ಕಿಟಕಿಯ ಹೊರಗೆ ನಿಂತು ನಮಗಿಂತ ಚೆನ್ನಾಗಿ ನೋಡಿದರು.

ಬೂದು ಬಣ್ಣದ, ಮುದುಡಿಕೊಂಡ ಆ ಮಾಂಸದ ನಳಿಗೆಗೆ ಪ್ಯೂನನ ಸೈಕಲ್ ಪಂಪಿನ ರಬ್ಬರ್ ನಳಿಗೆ ಸಿಕ್ಕಿಸಿ, ದಾರ ಬಿಗಿದು, ಪಂಪು ಹೊಡೆಯಲು ನನ್ನನ್ನು ಕರೆದರು. ಎರಡು ಸಲ ಹೊಡೆದೆ, ಏನೂ ಆಗಲಿಲ್ಲ. ಮೂರನೆಯ ಸಲ ಅದು ಮೆಲ್ಲಗೆ ಅರಳಿತು. ಬೂದು ಹೋಗಿ ತಿಳಿ ಗುಲಾಬಿಯಾಯಿತು. ಮೇಜಿನ ಅರ್ಧ ತುಂಬಿತು.

"ಏನ್ ಕಂಡಿ?" ಎಂದು ಅಕ್ಕೋರು ನನ್ನನ್ನು ಕೇಳಿದರು.

"ಜೀವ ಬಂತ್ರಿ ಅಕ್ಕೋರ!"

"ಜೀವ ಬರಲಿಲ್ಲ, ಗಾಳಿ ಬಂತು. ಕಂಡಿದ್ದು ಮೊದಲ ಹೇಳು. ಅನಿಸಿದ್ದು ಆಮ್ಯಾಲ ಹೇಳುವಿಯಂತ."

ಅದು ಅವರ ಮಾತು. ಎಲೆ ನೋಡಿದರೂ, ಕಪ್ಪೆ ನೋಡಿದರೂ, ಉತ್ತರಪತ್ರಿಕೆ ತಿದ್ದಿದರೂ ಅದೇ ಮಾತು. ಪಿಯುಸಿಯಲ್ಲಿ ನಾನು ಇಂಗ್ಲಿಷ್ ನಪಾಸಾಗಿ ಊರಲ್ಲಿ ಅಡ್ಡಾಡುತ್ತಿದ್ದಾಗ ಯಾರಿಂದಲೋ ಸುದ್ದಿ ತಿಳಿದು ಬಸ್ಸಿನಲ್ಲಿ ಚಿಂತಾಕಿಗೇ ಬಂದರು. ನಮ್ಮ ಅಂಗಳದಲ್ಲಿ ಕೂತು ಚಾ ಕುಡಿದು, "ಇವನಿಗೆ ಒಳಗಿಂದು ನೋಡೋ ಹುಚ್ಚು ಅದ ರೀ," ಎಂದು ನನ್ನ ತಂದೆಗೆ ಹೇಳಿದರು. ಮತ್ತೆ ಪರೀಕ್ಷೆ ಕಟ್ಟಿಸಿದರು. ಪಾಸಾದ ಮೇಲೆ ಎಕ್ಸ್‌ರೇ ಕೋರ್ಸಿನ ಅರ್ಜಿ ತಂದು ತಾವೇ ತುಂಬಿದರು. ನಾನು ಇವತ್ತು ಇರುವಲ್ಲಿ ಇರುವುದು ಹೀಗೆ.

ಆಮೇಲೆ ಅವರಿಗೆ ಭಾಲ್ಕಿಗೆ ವರ್ಗವಾಯಿತು. ಅಲ್ಲಿಂದಲೇ ನಿವೃತ್ತಿಯೂ ಆದರು. ಆಗಾಗ ಬೀದರಿನ ಬಜಾರಿನಲ್ಲಿ ಸಿಗುತ್ತಿದ್ದರು. ರಸ್ತೆಯಲ್ಲೇ ನಿಲ್ಲಿಸಿ ಮಷಿನು ಹೊಸದು ಬಂತೇ, ಹೇಗೆ ಕೆಲಸ ಮಾಡುತ್ತದೆ ಎಂದು ಕೇಳುತ್ತಿದ್ದರು.

ನಿವೃತ್ತಿಯಾದ ಮರುವರ್ಷ ಒಂದು ಬೆಳಿಗ್ಗೆ ನಮ್ಮ ಕೇಂದ್ರಕ್ಕೆ ಬಂದರು, ಕೈಯಲ್ಲಿ ಡಾಕ್ಟರ ಚೀಟಿ. ಮೂರು ತಿಂಗಳಿನಿಂದ ಕೆಮ್ಮು. ಧೂಳಿಗೆ ಎಂದು ಸಿರಪ್ಪು ಕುಡಿದಿದ್ದರು. ಈಗ ಮೆಟ್ಟಿಲು ಹತ್ತಿದರೆ ದಮ್ಮು ಬರುತ್ತಿತ್ತು. "ಹಾಡ್ಲಾಕ ಆಗವಲ್ದು," ಎಂದರು, ಅದೊಂದೇ ದೊಡ್ಡ ತೊಂದರೆ ಎನ್ನುವ ಹಾಗೆ.

ಅವರನ್ನು ನಿಲ್ಲಿಸಿ ಚಿತ್ರ ತೆಗೆದೆ. ಪರದೆಯ ಮೇಲೆ ಅದು ಮೂಡಿದಾಗ ನನ್ನ ಕೈ ಮೌಸಿನ ಮೇಲೆಯೇ ನಿಂತಿತು. ಎಕ್ಸ್‌ರೇಯಲ್ಲಿ ಗಾಳಿ ತುಂಬಿದ ಶ್ವಾಸಕೋಶ ಕಪ್ಪಗೆ ಕಾಣುತ್ತದೆ. ಅಕ್ಕೋರ ಎಡಗಡೆ ಕಪ್ಪಗಿತ್ತು. ಬಲಗಡೆ ಕೆಳಗಿನ ಅರ್ಧ ಬರೀ ಬಿಳಿ, ಅದು ನೀರು. ಅದರ ಮೇಲೆ ಅಂಚು ಒರಟಾದ ಒಂದು ಉಂಡೆ.

ಅವರು ಸೆರಗು ಸರಿಮಾಡಿಕೊಂಡು ಬಂದು ನನ್ನ ಬೆನ್ನ ಹಿಂದೆ ನಿಂತದ್ದು ನನಗೆ ಗೊತ್ತಾಗಲಿಲ್ಲ.

"ಏನ್ ಕಂಡಿ?"

"ಡಾಕ್ಟರ್ ರಿಪೋರ್ಟ್ ಬರೀತಾರ್ರಿ ಅಕ್ಕೋರ. ಸಂಜಿಗಿ ಬರ್ತದ."

"ಡಾಕ್ಟರ್‌ಗ ನಾ ಕೇಳ್ತೇನಿ. ನಾ ನಿನಗ ಕೇಳ್ಲಾಕತ್ತೀನಿ."

ನಾವು ರೋಗಿಗಳಿಗೆ ಏನನ್ನೂ ಹೇಳಬಾರದು. ಅದು ನಿಯಮ, ಒಳ್ಳೆಯ ನಿಯಮವೂ ಹೌದು. ಆದರೆ ಅವರ ಮುಖ ನೋಡಿ ನನಗೆ ಸುಳ್ಳು ಬರಲಿಲ್ಲ. "ಬಲಗಡಿ ನೀರು ಕಾಣ್ತದ್ರಿ. ಮ್ಯಾಲ ಒಂದು ಗಂಟಿನಂಥದ್ದು ಅದ," ಎಂದೆ. ಅಕ್ಕೋರು ಪರದೆಗೆ ಮುಖ ಹತ್ತಿರ ತಂದು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಬೆನ್ನ ಮೇಲೆ ಕೈಯಿಟ್ಟು, "ಛಲೋ ತೆಗದೀ. ಅಂಚು ಸ್ವಚ್ಛ ಬಂದದ," ಎಂದರು.

ಬೀದರಿನಲ್ಲೇ ನೀರು ತೆಗೆದರು. ಆ ನೀರಿನಲ್ಲಿ ಕ್ಯಾನ್ಸರಿನ ಕೋಶಗಳು ಸಿಕ್ಕವು. ಜೀವಮಾನದಲ್ಲಿ ಒಂದು ಬೀಡಿ ಮುಟ್ಟದವರಿಗೆ, ಅಡುಗೆಮನೆಯ ಹೊಗೆಯಲ್ಲೂ ಹೆಚ್ಚು ನಿಲ್ಲದವರಿಗೆ, ಶ್ವಾಸಕೋಶದ ಕ್ಯಾನ್ಸರು. ಅದೂ ಎದೆಯ ಪೊರೆಗೆ ಹಬ್ಬಿದ್ದು, ನಾಲ್ಕನೆಯ ಹಂತ. ಅವರ ತಂಗಿ ನರ್ಸು. ನಾಲ್ಕನೆಯ ಹಂತ ಎಂದರೆ ಏನೆಂದು ಆಕೆಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹೈದರಾಬಾದಿನ ಕ್ಯಾನ್ಸರ್ ದವಾಖಾನೆಗೆ ಅವರಿಬ್ಬರ ಜೊತೆ ನಾನೂ ಹೋದೆ. ಮೇ ತಿಂಗಳ ಬಿಸಿಲು. ನೀರಿನಲ್ಲಿ ಸಿಕ್ಕ ಕೋಶಗಳನ್ನು ಬೀದರಿನ ಲ್ಯಾಬಿನವರು ಕೂಡಿಸಿ ಮೇಣದಲ್ಲಿ ಹುಗಿದು, ಬೆರಳ ಉಗುರಿನಷ್ಟಗಲದ ಒಂದು ಬಿಲ್ಲೆ ಮಾಡಿ ಕೊಟ್ಟಿದ್ದರು. ಶಾಖಕ್ಕೆ ಮೇಣ ಮೆತ್ತಗಾಗಬಾರದೆಂದು ನಾನು ಅದನ್ನು ಊಟದ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ತಣ್ಣೀರ ಬಾಟಲಿಗಳ ನಡುವೆ ಸೇರಿಸಿ ತೊಡೆಯ ಮೇಲೆ ಹಿಡಿದು ಕೂತಿದ್ದೆ. ಜಹೀರಾಬಾದ್ ದಾಟುವಾಗ ಅಕ್ಕೋರು ಅದನ್ನು ತೋರಿಸಿ, "ಹುಷಾರು. ನಾನು ಈಗ ಆ ಡಬ್ಬ್ಯಾಗ ಇದ್ದೀನಿ," ಎಂದರು. ತಂಗಿ ಮುಖ ಕಿಟಕಿಗೆ ತಿರುಗಿಸಿದರು.

ಅಲ್ಲಿಯ ಡಾಕ್ಟರು ನಡುವಯಸ್ಸಿನ ಹೆಣ್ಣುಮಗಳು. ಹಿಂದಿಯಲ್ಲಿ, ಅವಸರವಿಲ್ಲದೆ ಮಾತಾಡಿದರು. ಕಿಮೋ ಔಷಧವನ್ನು ನಾಳೆಯೇ ಶುರು ಮಾಡಬಹುದು. ಆದರೆ ಇಂಥ ಬಗೆಯ ಕ್ಯಾನ್ಸರಿನಲ್ಲಿ, ಅದರಲ್ಲೂ ಧೂಮಪಾನ ಮಾಡದ ಹೆಂಗಸರಲ್ಲಿ, ಗಡ್ಡೆಯ ಕೋಶಗಳ ಒಂದು ಜೀನು ಕೆಟ್ಟಿರುವುದುಂಟು. ಕೆಟ್ಟಿದ್ದರೆ ಸರಿಯಾಗಿ ಅದನ್ನೇ ಹಿಡಿದು ನಿಲ್ಲಿಸುವ ಗುಳಿಗೆ ಇದೆ. ಕೆಟ್ಟಿಲ್ಲದಿದ್ದರೆ ಆ ಗುಳಿಗೆಯಿಂದ ಉಪಯೋಗವಿಲ್ಲ. ಪರೀಕ್ಷೆ ಮಾಡಿದರೆ ಮಾತ್ರ ಗೊತ್ತಾಗುವುದು. ನಾವು ತಂದ ಬಿಲ್ಲೆಯಲ್ಲಿ ಕೋಶಗಳು ಪರೀಕ್ಷೆಗೆ ಸಾಲುವುದಿಲ್ಲ; ಎದೆಗೆ ಸೂಜಿ ಹಾಕಿ ಗಡ್ಡೆಯ ಚೂರನ್ನು ಹೊಸದಾಗಿ ತೆಗೆಯಬೇಕು. ಫಲಿತಾಂಶಕ್ಕೆ ಎರಡು ವಾರ, ಹೆಚ್ಚೂ ಆಗಬಹುದು.

ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ತಂಗಿಯ ತಾಳ್ಮೆ ಮುಗಿಯಿತು.

"ಅಕ್ಕಾ, ನಾ ಇಂಥ ಪೇಶಂಟ್ ನೋಡೀನಿ. ಎರಡು ವಾರ ಅಂದ್ರ ಏನು ಅಂತ ನಿನಗ ಗೊತ್ತಿಲ್ಲ. ನೀರು ಮತ್ತ ತುಂಬ್ತದ. ಕಿಮೋ ಹಾಕಿಸ್ಕೋ."

"ಹಾಕಿಸ್ಕೊಂಡ ಮ್ಯಾಲ ಆ ಗುಳಿಗಿ ಸಿಕ್ರ?"

"ಸಿಗದಿದ್ರ?"

ಅಕ್ಕೋರು ಉಸಿರು ಕೂಡಿಸಿಕೊಂಡರು. ಆಗ ಅವರಿಗೆ ಒಂದು ದಮ್ಮಿಗೆ ನಾಲ್ಕೈದು ಮಾತು ಮಾತ್ರ ಬರುತ್ತಿತ್ತು. "ಏನದ ಅಂತ ತಿಳಕೊಂಡೇ ಔಷಧ ತಗೊಳ್ತೇನಿ. ಕಾಯ್ತೇನಿ. ಬಹಳ ಬಿಗಡಾಯಿಸ್ತು ಅಂದ್ರ... ನೀ ಹೇಳಿದಂಗ ಮಾಡೂಣು."

ಸೂಜಿ ಹಾಕಿಸಿಕೊಂಡು ಬೀದರಿಗೆ ಬಂದೆವು. ಆ ದಿನಗಳಲ್ಲಿ ಅಕ್ಕೋರಿಗೆ ಮಲಗಲು ಆಗುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತು, ಮುಂದಿನ ಮೇಜಿನ ಮೇಲೆ ದಿಂಬಿಟ್ಟು, ಅದರ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದರು. ಒಂದು ರೊಟ್ಟಿಯ ಕಾಲುಭಾಗ ತಿನ್ನಲು ಅರ್ಧ ತಾಸು. ನಾನು ಡ್ಯೂಟಿ ಮುಗಿಸಿ ಸಂಜೆ ಹೋಗಿ ಸುಮ್ಮನೆ ಎದುರಿಗೆ ಕೂರುತ್ತಿದ್ದೆ. ಹತ್ತನೆಯ ದಿನ ಮತ್ತೆ ನೀರು ತೆಗೆಸಬೇಕಾಯಿತು. ಅವತ್ತು ತಂಗಿ ಅಡುಗೆಮನೆಯಲ್ಲಿ ನನ್ನನ್ನು ಕರೆದು, "ಸೋಮವಾರ ತನಕ ನೋಡ್ತೇನಿ. ಆಮ್ಯಾಲ ಆಕಿ ಏನ್ ಹೇಳಿದ್ರೂ ಕೇಳಂಗಿಲ್ಲ," ಎಂದರು.

ಶನಿವಾರ ಮಧ್ಯಾಹ್ನ ಹೈದರಾಬಾದಿನಿಂದ ಫೋನು ಬಂತು. ತಂಗಿ ಫೋನನ್ನು ಸ್ಪೀಕರಿಗೆ ಹಾಕಿದರು. ಇಜಿಎಫ್‌ಆರ್ ಎನ್ನುವ ಒಂದು ಜೀನು. ಅದರಲ್ಲಿ ಒಂದು ಚಿಕ್ಕ ತುಣುಕು ಬಿಟ್ಟುಹೋಗಿದೆ. ಗುಳಿಗೆ ಕೆಲಸ ಮಾಡುವ ಬಗೆಯದೇ ಬದಲಾವಣೆ.

ಅಕ್ಕೋರು ದಿಂಬಿನಿಂದ ತಲೆಯೆತ್ತಿ ಮೊದಲು ಕೇಳಿದ್ದು ತಮ್ಮ ಬಗ್ಗೆಯಲ್ಲ. "ಇದು ನನ್ನ ತಂಗಿಗೆ, ಆಕಿ ಮಗಳಿಗೆ ಬರ್ತದೇನು ಕೇಳು," ಎಂದು ಸನ್ನೆ ಮಾಡಿದರು. ಡಾಕ್ಟರು ಇಲ್ಲವೆಂದರು. ಈ ಕೆಡುಕು ಹುಟ್ಟಿನಿಂದ ಬಂದದ್ದಲ್ಲ, ಗಡ್ಡೆಯ ಕೋಶಗಳಲ್ಲಿ ಮಾತ್ರ ಆದದ್ದು, ಮನೆಯವರಿಗೆ ಇದರಿಂದ ಅಪಾಯವಿಲ್ಲ ಎಂದರು. ಅಕ್ಕೋರು ಮತ್ತೆ ದಿಂಬಿನ ಮೇಲೆ ತಲೆಯಿಟ್ಟರು.

ಮಂಗಳವಾರ ಬೆಳಿಗ್ಗೆ ಮೊದಲ ಗುಳಿಗೆ. ಜ್ವರದ ಗುಳಿಗೆಗಿಂತ ದೊಡ್ಡದೇನಲ್ಲ. ಅಷ್ಟು ದೊಡ್ಡ ರೋಗಕ್ಕೆ ಇಷ್ಟು ಸಣ್ಣದೇ ಎಂದು ನನಗೆ ಒಳಗೊಳಗೇ ಅನುಮಾನವಾಯಿತು.

ಶನಿವಾರ ಅವರ ತಂಗಿ ಫೋನು ಮಾಡಿದರು. ಆಕೆಗೆ ಮಾತೇ ಬರುತ್ತಿರಲಿಲ್ಲ. ಏನೋ ಆಗಿಹೋಯಿತೆಂದೇ ನಾನು ತಿಳಿದೆ. ಕೊನೆಗೆ ಆಕೆ ಹೇಳಿದ್ದು ಇಷ್ಟು: "ಅಕ್ಕ ಮಲ್ಕೊಂಡಾಳ. ಹಾಸಿಗಿ ಮ್ಯಾಲ. ಅಡ್ಡಾಗಿ ಮಲ್ಕೊಂಡಾಳ."

ಮರುವಾರ ಅಕ್ಕೋರು ಗೇಟಿನವರೆಗೆ ನಡೆದು ಬಂದರು. ಅದರ ಮರುವಾರ ಚಾ ತಾವೇ ಮಾಡಿ ನನಗೆ ಕೊಟ್ಟರು. ಮುಖದ ತುಂಬ ಹರೆಯದ ಹುಡುಗರಿಗೆ ಏಳುವಂಥ ಮೊಡವೆಗಳು, ಬೆರಳ ಉಗುರಿನ ಬುಡ ಕೆಂಪಗೆ ಬಾತುಕೊಂಡಿತ್ತು, ಹೊಟ್ಟೆ ಕೆಟ್ಟು ಹೈರಾಣಾಗಿದ್ದರು. ಆದರೆ ಒಂದು ಉಸಿರಿಗೆ ಒಂದು ಇಡೀ ವಾಕ್ಯ ಆಡುತ್ತಿದ್ದರು.

ಆರು ವಾರಕ್ಕೆ ಎಕ್ಸ್‌ರೇ ತೆಗೆಯಬೇಕಿತ್ತು. ತೆಗೆದೆ. ಪರದೆ ನೋಡಿ ನಾನು ಮಾಡಿದ ಮೊದಲ ಕೆಲಸ ರೋಗಿಯ ಹೆಸರು ಓದಿದ್ದು. ಬೇರೆಯವರ ಚಿತ್ರ ಅವರ ಹೆಸರಿಗೆ ಸೇರಿಕೊಂಡಿದೆ ಎಂದೇ ಅನಿಸಿತು. ಹಳೆಯದನ್ನು ತೆರೆದು ಪಕ್ಕದಲ್ಲಿಟ್ಟೆ. ಅದೇ ಪಕ್ಕೆಲುಬು, ಎಡಭುಜದ ಎಲುಬಿನ ಅದೇ ಸ್ವಲ್ಪ ಸೊಟ್ಟ. ಅವರೇ. ಆದರೆ ಬಲಗಡೆಯ ಬಿಳಿ ಹೋಗಿತ್ತು. ಕೆಳಗಿನ ತನಕ ಕಪ್ಪು, ತಿಳಿಯಾದ ಕಪ್ಪು. ಇಷ್ಟು ವರ್ಷ ಈ ಕುರ್ಚಿಯಲ್ಲಿ ಕೂತು ಇಂಥ ಎದೆಗಳು ಬರಬರುತ್ತ ಬಿಳಿಯಾಗುವುದನ್ನು ಮಾತ್ರ ನೋಡಿದ್ದೆ. ಹಿಂದಕ್ಕೆ ಬಂದದ್ದನ್ನು ನೋಡಿರಲಿಲ್ಲ.

"ಏನ್ ಕಂಡಿ?" ಅಕ್ಕೋರು ಹಿಂದೆ ನಿಂತಿದ್ದರು.

"ಇಲ್ರಿ ಅಕ್ಕೋರ... ಇಲ್ಲ."

"ಏನಿಲ್ಲ?"

"ನೀರಿಲ್ಲ. ಗಂಟಿಲ್ಲ. ಏನೂ ಇಲ್ರಿ!"

"ಖರೇನೇ ಏನೂ ಇಲ್ಲೇನು? ಬರೋಬ್ಬರಿ ನೋಡು."

ಕಣ್ಣೊರೆಸಿಕೊಂಡು ಮತ್ತೆ ನೋಡಿದೆ. ಗಂಟಿದ್ದ ಜಾಗದಲ್ಲಿ ಕಡಲೆಕಾಳಿನಷ್ಟು ಒಂದು ಮಸುಕು ಇತ್ತು. "ಒಂದು ಸಣ್ಣ ನೆರಳು ಅದ್ರಿ," ಎಂದೆ.

"ಹಂಗ ಹೇಳು," ಎಂದರು. ಆಮೇಲೆ ಅಲ್ಲೇ ಸ್ಟೂಲಿನ ಮೇಲೆ ಕೂತು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು, ಮೊದಲ ಸಲ ಅತ್ತರು.

ಆ ಡಿಸೆಂಬರಿನಲ್ಲಿ ಚರ್ಚಿನ ಹಾಡುವವರ ಸಾಲಿನಲ್ಲಿ ಅವರು ನಿಂತಿದ್ದರು. ನಾನು ಹಿಂದಿನ ಬೆಂಚಿನಲ್ಲಿ ಕೂತು ಕೇಳಿದೆ. ಹಾಡಿನ ಮಾತು ನನಗೆ ಅಷ್ಟಾಗಿ ತಿಳಿಯಲಿಲ್ಲ. ಆ ತಗ್ಗಿನ ದನಿಯನ್ನು ಮಾತ್ರ ಉಳಿದ ದನಿಗಳ ಕೆಳಗಿನಿಂದ ಹುಡುಕಿ ತೆಗೆದು ಕೇಳುತ್ತಿದ್ದೆ.

ಬೀದರಿನಂಥ ಊರಿನಲ್ಲಿ ಇಂಥ ಸುದ್ದಿ ಅಡಗುವುದಿಲ್ಲ. ಕ್ಯಾನ್ಸರ್ ಹೋಗಿಸುವ ಗುಳಿಗೆ ಇದೆಯಂತೆ, ಸಾಲಿ ಅಕ್ಕೋರ ಹತ್ತಿರ ಇದೆಯಂತೆ ಎಂದು ಹಳ್ಳಿಗಳ ತನಕ ಹೋಯಿತು. ಒಂದು ದಿನ ಬೆಳಿಗ್ಗೆ ನಾನು ಅವರ ಮನೆಯಲ್ಲಿದ್ದಾಗ ಔರಾದ ಕಡೆಯ ಹಳ್ಳಿ ಡಾಬಕಾದ ಒಬ್ಬ ರೈತ ಬಂದು ಬಾಗಿಲಲ್ಲೇ ನಿಂತ. ಹೆಂಡತಿಗೆ ಇದೇ ರೋಗ, ಪುಪ್ಪುಸದ್ದೇ. ಮನೆಯಲ್ಲಿ ಮಲಗಿಸಿದ್ದಾನೆ. ಒಳಗೆ ಬಾ ಎಂದರೂ ಬರಲಿಲ್ಲ.

"ಬಾಯಾರ, ನಿಮ್ಮಲ್ಲಿ ಇರೋದ್ರಾಗ ನಾಕು ಗುಳಿಗಿ ಕೊಡ್ರಿ. ಭಾಳ ಬ್ಯಾಡ. ನಾಕೇ ನಾಕು. ಕಾಲು ಬೀಳ್ತೇನಿ."

ನಿಜವಾಗಿಯೂ ಬಗ್ಗಿದ. ಅಕ್ಕೋರು ಅವನ ರಟ್ಟೆ ಹಿಡಿದು ಎತ್ತಿ, ಒಳಗೆ ಎಳೆದುಕೊಂಡು ಬಂದು ಕುರ್ಚಿಯಲ್ಲಿ ಕೂರಿಸಿದರು.

"ನಿಮ್ಮ ಹೊಲದಾಗ ಬೋರ್ ಅದ ಏನಪ್ಪಾ?"

"ಅದ್ರಿ."

"ಮೋಟಾರಿಗೆ ಸ್ಟಾರ್ಟರ್ ಇರ್ತದಲ್ಲ. ಅದು ಜಾಮ್ ಆದ್ರ ಏನಾಗ್ತದ?"

"ಮೋಟಾರ್ ಬಂದ್ ಆಗಂಗಿಲ್ರಿ. ನಡದೇ ನಡೀತದ. ಸುಟ್ಟು ಹೋಗ್ತದ."

"ನನ್ನ ರೋಗದಾಗ ಹಂಗ ಒಂದು ಸ್ಟಾರ್ಟರ್ ಜಾಮ್ ಆಗಿತ್ತು. ಕೋಶ ಬೆಳೆಯೋದು ನಿಲ್ಲಲೇ ಇಲ್ಲ. ಈ ಗುಳಿಗಿ ಬರೇ ಆ ಸ್ಟಾರ್ಟರಿಗೆ ಹೋಗಿ ಕೂಡ್ತದ. ನಿನ್ನ ಹೇಣ್ತಿ ರೋಗದಾಗ ಅದೇ ಕೆಟ್ಟದೋ, ಬ್ಯಾರೇದು ಕೆಟ್ಟದೋ, ನನಗ ಗೊತ್ತಿಲ್ಲ, ನಿನಗ ಗೊತ್ತಿಲ್ಲ. ಗೊತ್ತಿಲ್ಲದ ಕೊಟ್ರ ಆಕಿಗೆ ಹೊಟ್ಟಿ ಕೆಡ್ತದ, ಮೈ ಕೆಡ್ತದ, ಗುಣ ಆಗಂಗಿಲ್ಲ. ನಾ ಕೊಡಂಗಿಲ್ಲ. ಆದ್ರ ನಿನ್ನ ಜೋಡಿ ಬರ್ತೇನಿ."

ಹೋದರು. ಡಾಬಕಾಕ್ಕೆ ಹೋಗಿ ಆ ಹೆಣ್ಣುಮಗಳ ಪಕ್ಕ ಕೂತು ಮಾತಾಡಿ ಒಪ್ಪಿಸಿ, ಹೈದರಾಬಾದಿಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದರು. ಮೂರು ವಾರಕ್ಕೆ ಫಲಿತಾಂಶ ಬಂತು. ಅಕ್ಕೋರಿಗಿದ್ದ ಕೆಡುಕು ಆಕೆಗಿರಲಿಲ್ಲ. ಬೇರೆ ಗುಳಿಗೆಗಳು ಹಿಡಿಯುವಂಥ ಕೆಡುಕೂ ಸಿಗಲಿಲ್ಲ.

ಫೋನಿನಲ್ಲಿ ಹೇಳಿದರಾಯಿತು ಎಂದು ನಾನು ಅಂದೆ. ಅಕ್ಕೋರು ಕೇಳಲಿಲ್ಲ. ನನ್ನನ್ನೂ ಕರೆದುಕೊಂಡು ಬಸ್ಸಿನಲ್ಲಿ ಮತ್ತೆ ಡಾಬಕಾಕ್ಕೆ ಹೋಗಿ, ಗಂಡಹೆಂಡಿರಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದರು. ಆ ಹೆಣ್ಣುಮಗಳು ಅಳಲಿಲ್ಲ. ಅಕ್ಕೋರ ಮುಖವನ್ನೇ ನೋಡುತ್ತ, "ನಿಮಗ ಇತ್ತು, ನನಗ ಇಲ್ಲ. ಹಂಗ್ಯಾಕ್ರಿ?" ಎಂದು ಕೇಳಿದಳು. ಆಕೆಗೆ ಕಿಮೋ ಶುರುವಾದಾಗ ಪ್ರತಿ ಸಲವೂ ಇವರೇ ಜೊತೆ ಹೋದರು, ಬಾಟಲಿ ಮುಗಿಯುವ ತನಕ ಪಕ್ಕದಲ್ಲಿ ಕೂತರು. ಆ ಔಷಧದಲ್ಲಿ ಆಕೆ ಒಂದು ವರ್ಷದ ಮೇಲೆ ಬದುಕಿ, ಮಗಳ ಬಾಣಂತನ ಮಾಡಿ ತೀರಿಕೊಂಡಳು.

ಫಲಿತಾಂಶ ಹೇಳಿದ ದಿನ ಡಾಬಕಾದಿಂದ ಮರಳುವಾಗ ಬಸ್ಸಿನಲ್ಲಿ ನಾನು ಅಕ್ಕೋರ ಪಕ್ಕದಲ್ಲಿ ಕೂತಿದ್ದೆ. ಔರಾದ ದಾಟಿದ ಮೇಲೆ ಅವರು, ಕೇಳಿದವರಿಗೆ ಉತ್ತರ ಕೊಡುವಂತೆ, ಹೇಳಿದರು: "ಜನ ನನ್ನ ಪುಣ್ಯ ದೊಡ್ಡದು ಅಂತಾರ. ಪುಣ್ಯ ಅಂದ್ರ ಆಕಿದು ಪಾಪ ಆಯ್ತಲ್ಲ. ಹಂಗಲ್ಲ ಅದು. ನನ್ನ ರೋಗದ ಗುಟ್ಟು ಯಾರೋ ಮೊದಲ ಕಂಡುಹಿಡದಿದ್ರು, ಆಕಿದು ಇನ್ನೂ ಸಿಕ್ಕಿಲ್ಲ. ಅಷ್ಟೇ ಫರಕು. ನಾ ದಿನಾ ಗುಳಿಗಿ ನುಂಗೋ ಮುಂದ ದೇವರಿಗೂ ಶರಣು ಹೇಳ್ತೇನಿ, ಯಾವುದೋ ಲ್ಯಾಬಿನ್ಯಾಗ ವರ್ಷಗಟ್ಲೆ ಕೂತು ಇದನ್ನ ಹುಡುಕಿದವರಿಗೂ ಹೇಳ್ತೇನಿ. ಅವರ ಹೆಸರು ನನಗ ಗೊತ್ತಿಲ್ಲ ನೋಡು."

ಎರಡೂವರೆ ವರ್ಷ ಹೀಗೆ ನಡೆಯಿತು. ಆಮೇಲೆ ಒಂದು ಎಕ್ಸ್‌ರೇಯಲ್ಲಿ ಕಡಲೆಕಾಳು ಗೋಲಿಯಷ್ಟಾಗಿತ್ತು. ಈ ಸಲ ಅವರು ನನ್ನನ್ನು ಏನೂ ಕೇಳಲಿಲ್ಲ. ನನ್ನ ಮುಖ ನೋಡಿ, "ಆತು ಬಿಡು, ಬರ್ತದಂತ ಡಾಕ್ಟರ್ ಮೊದಲೇ ಹೇಳಿದ್ರು," ಎಂದು ತಾವೇ ನನಗೆ ಸಮಾಧಾನ ಮಾಡಿದರು.

ಗುಳಿಗೆಯಿಂದ ತಪ್ಪಿಸಿಕೊಳ್ಳಲು ಕ್ಯಾನ್ಸರಿನ ಕೋಶಗಳು ಅದೇ ಜೀನಿನಲ್ಲಿ ಇನ್ನೊಂದು ಬದಲಾವಣೆ ಮಾಡಿಕೊಂಡಿದ್ದವು. ಅದನ್ನು ಪತ್ತೆಮಾಡಲು ಈ ಸಲ ಎದೆಗೆ ಸೂಜಿ ಹಾಕಲಿಲ್ಲ, ತೋಳಿನಿಂದ ರಕ್ತ ತೆಗೆದರು. ಗಡ್ಡೆಯಿಂದ ಕಳಚಿಬಿದ್ದ ಜೀನಿನ ಚೂರುಗಳು ರಕ್ತದಲ್ಲಿ ತೇಲುತ್ತಿರುತ್ತವಂತೆ. ಇದನ್ನು ಕೇಳಿದಾಗ ಅಕ್ಕೋರು ರೋಗ ಮರಳಿದ್ದನ್ನೇ ಮರೆತವರಂತೆ ಕಣ್ಣರಳಿಸಿದರು. "ಪುಪ್ಪುಸದ ಸುದ್ದಿ ತೋಳಿನ ರಕ್ತದಾಗ ಸಿಗ್ತದ! ನಾ ಮೂವತ್ತು ವರ್ಷ ರಕ್ತದ ಪಾಠ ಮಾಡೀನಿ, ಇದನ್ನ ಒಬ್ಬರಿಗೂ ಹೇಳಿಲ್ಲ."

ಎರಡನೆಯ ಗುಳಿಗೆ ಸಿಕ್ಕಿತು. ಅದೂ ಹಿಡಿಯಿತು. ಮತ್ತೆ ಬಲಗಡೆ ತಿಳಿಯಾಯಿತು. ಈ ಸಲ ಅಕ್ಕೋರು ಮನೆಯಲ್ಲಿ ಕೂರಲಿಲ್ಲ. ತಾವು ಕಲಿಸಿದ ಭಾಲ್ಕಿಯ ಸಾಲಿಗೆ, ಔರಾದಕ್ಕೆ, ಚಿಂತಾಕಿಗೆ, ಡಾಬಕಾಕ್ಕೆ, ಹೆಡ್‌ಮಾಸ್ತರರನ್ನು ಕೇಳಿಕೊಂಡು ಹೋಗಿ ಒಂದೊಂದು ತಾಸು ಪಾಠ ಮಾಡಿದರು. ನನ್ನಿಂದ ಎರಡು ಎಕ್ಸ್‌ರೇ ಫಿಲ್ಮು ಮಾಡಿಸಿಕೊಂಡಿದ್ದರು: ಗುಳಿಗೆಯ ಮೊದಲಿನದು, ಗುಳಿಗೆಯ ನಂತರದ್ದು. ಕಿಟಕಿಯ ಬೆಳಕಿಗೆ ಅವನ್ನು ಹಿಡಿದು ಮಕ್ಕಳಿಂದಲೇ ವ್ಯತ್ಯಾಸ ಹೇಳಿಸುತ್ತಿದ್ದರು. ಚಿಂತಾಕಿಯ ಪಾಠಕ್ಕೆ ನಾನೂ ಹೋಗಿದ್ದೆ. ಎರಡನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಇವು ಯಾರ ಫೋಟೊ ರೀ?" ಎಂದಳು.

"ಎರಡೂ ನನ್ನವೇ."

ಹುಡುಗಿ ಫಿಲ್ಮು ನೋಡಿದಳು, ಅಕ್ಕೋರನ್ನು ನೋಡಿದಳು, ಮತ್ತೆ ಫಿಲ್ಮು ನೋಡಿದಳು. "ಹಂಗಾದ್ರ ನೀವು ಸಾಯಂಗಿಲ್ಲೇನ್ರಿ?"

ಮಾಸ್ತರರು ಗದರಲು ಹೋದರು. ಅಕ್ಕೋರು ಕೈಯೆತ್ತಿ ತಡೆದರು.

"ಸಾ‍ಯ್ತೇನಿ ಅವ್ವಾ, ಎಲ್ಲಾರೂ ಸಾಯೋರೇ. ಆದ್ರ ಅವತ್ತು ಸಾಯಲಿಲ್ಲ. ಅದಕ್ಕೇ ಇವತ್ತು ನಿನ್ನ ಮುಂದ ನಿಂತೀನಿ."

ಅದಾಗಿ ಒಂದೂವರೆ ವರ್ಷಕ್ಕೆ ಎರಡನೆಯ ಗುಳಿಗೆಯೂ ಸೋತಿತು. ರೋಗ ಯಕೃತ್ತಿಗೆ ಇಳಿದಿತ್ತು. ರಕ್ತದ ಪರೀಕ್ಷೆಯಲ್ಲಿ ಈ ಸಲ ಏನೂ ತಿಳಿಯಲಿಲ್ಲ. ಕಿಮೋ ಎರಡು ಸಲ ಕೊಟ್ಟರು, ಮೈ ತಡೆಯಲಿಲ್ಲ. ಇನ್ನು ಮನೆಯಲ್ಲೇ ಆರಾಮವಾಗಿರಲಿ ಎಂದು ಡಾಕ್ಟರು ಹೇಳಿದರು. ಹೇಳಿ, ಸ್ವಲ್ಪ ಅಳುಕುತ್ತಲೇ ಇನ್ನೊಂದು ಮಾತು ಕೇಳಿದರು. ಗಡ್ಡೆಯ ಒಂದು ಚೂರನ್ನು ಅಧ್ಯಯನಕ್ಕೆ ಕೊಡಲು ಸಾಧ್ಯವೇ? ಗುಳಿಗೆ ಯಾಕೆ ಸೋಲುತ್ತದೆ ಎಂದು ಅವರ ದವಾಖಾನೆಯವರು ಹುಡುಕುತ್ತಿದ್ದಾರೆ. ಅದರಿಂದ ಅಕ್ಕೋರಿಗೆ ಬಹುಶಃ ಏನೂ ಸಿಗಲಿಕ್ಕಿಲ್ಲ. ನೋವು ಆಗುತ್ತದೆ. ಬೇಡವೆಂದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಈ ಸಲ ತಂಗಿಯ ಜೊತೆ ನಾನೂ ಬೇಡವೆಂದೆ. ನಡೆಯಲು ಆಗದವರು, ಮತ್ತೆ ಯಾಕೆ ಸೂಜಿ? ಅಕ್ಕೋರು ನಮ್ಮಿಬ್ಬರನ್ನೂ ನೋಡಿದರು.

"ನನ್ನ ಗುಳಿಗಿ ಹ್ಯಾಂಗ ಬಂತು ಅಂತ ತಿಳಕೊಂಡೀರಿ? ನನಗಿಂತ ಮೊದಲ ಯಾರೋ ಹಿಂಗ ತಮ್ಮ ಚೂರು ಕೊಟ್ಟಿರ್ತಾರ. ಅವರಿಗೂ ಬ್ಯಾನಿ ಆಗಿರ್ತದ. ಅವರ ಮನಿಯವರೂ ಬ್ಯಾಡ ಅಂದಿರ್ತಾರ." ದಣಿವಾರಿಸಿಕೊಂಡು ಡಾಕ್ಟರ ಕಡೆ ತಿರುಗಿ, ಕಾಗದ ತರುವಂತೆ ಹಿಂದಿಯಲ್ಲಿ ಹೇಳಿದರು. ಒಪ್ಪಿಗೆ ಪತ್ರವನ್ನು ಮೊದಲಿನಿಂದ ಕೊನೆಯ ತನಕ ಓದಿ, ಒಂದು ಕಡೆ ಅರ್ಥವಾಗದ್ದನ್ನು ಕೇಳಿ ತಿಳಿದುಕೊಂಡು, ದುಂಡಗಿನ ಅಕ್ಷರದಲ್ಲಿ ಸಹಿ ಮಾಡಿದರು.

ಐದು ವಾರದ ನಂತರ, ಒಂದು ರವಿವಾರ ಬೆಳಿಗ್ಗೆ, ತಂಗಿ ಕುಡಿಸಿದ ಎರಡು ಚಮಚ ಗಂಜಿ ಕುಡಿದು ಕಣ್ಣು ಮುಚ್ಚಿದರು. ಬೀದರಿನ ಕ್ರಿಶ್ಚಿಯನ್ ಸ್ಮಶಾನದಲ್ಲಿ ಅವರ ತಂದೆತಾಯಿಯ ಪಕ್ಕ ಮಣ್ಣು ಮಾಡಿದೆವು. ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಅವರ ಕೈಯಲ್ಲಿ ಕಲಿತವರು, ಎಲ್ಲ ಜಾತಿಯವರು. ಪಾದ್ರಿಗಳು ಪ್ರಾರ್ಥನೆ ಮುಗಿಸಿದ ಮೇಲೆಯೂ ಯಾರೂ ಬೇಗ ಹೊರಡಲಿಲ್ಲ.

ಎಂಟು ತಿಂಗಳಾದ ಮೇಲೆ ಹೈದರಾಬಾದಿನ ಡಾಕ್ಟರು ಅವರ ತಂಗಿಗೆ ಫೋನು ಮಾಡಿದರು. ಆಕೆ ಮರುದಿನ ನಮ್ಮ ಕೇಂದ್ರಕ್ಕೇ ಬಂದು ನನಗೆ ಹೇಳಿದರು. ಅಕ್ಕೋರು ಕೊಟ್ಟ ಚೂರಿನಲ್ಲಿ ಬೇರೊಂದು ಜೀನಿನ ಕೆಡುಕು ಸಿಕ್ಕಿದೆಯಂತೆ. ಇನ್ನೂ ಕೆಲವು ರೋಗಿಗಳಲ್ಲಿಯೂ ಅದೇ ಸಿಕ್ಕಿದೆಯಂತೆ. ಅದನ್ನು ತಡೆಯುವ ಒಂದು ಔಷಧವನ್ನು ಈಗ ಅಂಥವರಿಗೆ ಕೊಟ್ಟು ನೋಡುತ್ತಿದ್ದಾರಂತೆ. "ಆಕಿಗೆ ತಡ ಆಯ್ತು, ಮಾಫ್ ಮಾಡ್ರಿ ಅಂದ್ರು ಡಾಕ್ಟರ್," ಎಂದರು ತಂಗಿ. "ನಾ ಅಂದೆ, ಮಾಫಿ ಯಾಕ್ರಿ. ಆಕಿ ಇದ್ದಿದ್ರ ಇಷ್ಟೊತ್ತಿಗೆ ನಿಮ್ಮನ್ನ ನೂರು ಪ್ರಶ್ನೆ ಕೇಳ್ತಿದ್ಲು."

ಇಬ್ಬರೂ ನಕ್ಕೆವು. ಆಮೇಲೆ ಆಕೆ ತಮ್ಮ ಡ್ಯೂಟಿಗೆ ಹೋದರು, ನಾನು ನನ್ನ ಕೋಣೆಗೆ ಹೋದೆ.

ಆ ಔಷಧ ಕೆಲಸ ಮಾಡುತ್ತದೋ ಇಲ್ಲವೋ ನನಗೆ ತಿಳಿಯದು. ಮಾಡಿದರೆ, ಮಲಗಲಾಗದೆ ಕುರ್ಚಿಯಲ್ಲಿ ಕೂತ ಯಾರೋ ಒಬ್ಬರು ಒಂದು ವಾರದಲ್ಲಿ ಹಾಸಿಗೆಯ ಮೇಲೆ ಅಡ್ಡಾಗಿಯಾರು. ಅವರು ಯಾವ ಊರಿನವರೋ, ಯಾವ ಭಾಷೆಯವರೋ. ಔರಾದದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಒಬ್ಬ ಹೆಣ್ಣುಮಗಳು ಅವರಿಗಾಗಿ ಕೊನೆಯ ನೋವು ತಿಂದರೆಂದು ಅವರಿಗೆ ಯಾರೂ ಹೇಳುವುದಿಲ್ಲ. ನನಗೆ ಗೊತ್ತಿದೆ, ಅದಕ್ಕೇ ಇಷ್ಟು ಬರೆದೆ.